ಮಂಜೂರಾದ ಕುಣಿ

ಇಳಕಲ್ಲಿಗೆ ಮದುಮಗಳಾಗಿ ಬಂದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಬಿದ್ದದ್ದು. ಹೊಸ್ತಿಲ ಮೇಲಿನ ಸೇರಕ್ಕಿ ಒದ್ದು ಬಲಗಾಲಿಟ್ಟೇ ಒಳಗೆ ಬಂದೆ, ಅದರಲ್ಲಿ ತಪ್ಪಿಲ್ಲ. ಎಡಗಾಲು ಇಟ್ಟಲ್ಲಿ ಮಾತ್ರ ನೆಲ ಇರಲಿಲ್ಲ. ಹೊರಗೆ ಸುಡುವ ಬಿಸಿಲು, ಒಳಗೆ ಕತ್ತಲೆ, ಹಣೆಯವರೆಗೆ ಎಳೆದ ಸೆರಗು; ಕಂಡಿದ್ದರೆ ಯಾಕೆ ಬೀಳುತ್ತಿದ್ದೆ? ಸೊಂಟದವರೆಗೆ ಮಗ್ಗದ ಕುಣಿಯೊಳಗೆ ಇಳಿದು ನಿಂತುಬಿಟ್ಟೆ. ಕೈಯಲ್ಲಿದ್ದ ತೆಂಗಿನಕಾಯಿ ಉರುಳುತ್ತ ಹೋಗಿ ಮೂಲೆ ಸೇರಿತು. ಬೀಗರೆಲ್ಲ ನನ್ನನ್ನು ಎತ್ತಲು ಮುಂದಾದರು. ಅತ್ತೆ ಒಬ್ಬರೇ ಸೊಂಟದ ಮೇಲೆ ಕೈಯಿಟ್ಟುಕೊಂಡು ಜೋರಾಗಿ ನಕ್ಕರು.

“ಇಲ್ಲಿಗೆ ಈ ಮನಿಯಾಕಿ ಆದಿ ಬಿಡವಾ. ನಾನೂ ಹಿಂಗ ಬಿದ್ದ ಬಂದಾಕಿ,” ಎಂದರು.

ನನ್ನ ತವರು ಬಾದಾಮಿಯ ಮಗ್ಗುಲಿನ ಚೊಳಚಗುಡ್ಡ. ನಮ್ಮದು ಒಕ್ಕಲುತನದ ಮನೆ. ಅಲ್ಲಿ ನೆಲ ಎಂದರೆ ನೆಲ, ಅದನ್ನು ನಂಬಿ ನಡೆಯಬಹುದು. ಇಳಕಲ್ಲಿನ ನಮ್ಮ ಓಣಿಯಲ್ಲಿ ಹಾಗಲ್ಲ. ಪ್ರತಿ ಮನೆಯ ಪಡಸಾಲೆಯಲ್ಲೂ ಸೀರೆ ನೇಯುವ ಒಂದು ಮಗ್ಗ, ಮಗ್ಗದ ಬುಡದಲ್ಲಿ ಒಂದು ತಗ್ಗು. ನೇಯುವವರು ನೆಲದ ಮಟ್ಟಕ್ಕೆ ಕುಳಿತು ಆ ತಗ್ಗಿನೊಳಗೆ ಕಾಲು ಇಳಿಬಿಟ್ಟು ಹಲಗೆ ತುಳಿಯುತ್ತಾರೆ. ಆ ತಗ್ಗಿಗೇ ನಮ್ಮಲ್ಲಿ ಕುಣಿ ಎನ್ನುವುದು. ಈ ಎರಡಕ್ಷರವನ್ನು ಓದುವವರು ಸ್ವಲ್ಪ ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಅದಕ್ಕೆ ಇನ್ನೊಂದು ಅರ್ಥವೂ ಇದೆ ಎಂಬುದನ್ನು ನಾನು ಒಮ್ಮೆ ಮರೆತು ಇಡೀ ಓಣಿಯನ್ನೇ ಕುಣಿಸಿದ್ದೇನೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ ಅದು. ಗಂಡಸರು ಮಗ್ಗದಲ್ಲಿ, ಹೆಂಗಸರು ರಾಟಿಯ ಮುಂದೆ. ರಾಟಿ ತಿರುಗಿಸಿ ನೂಲನ್ನು ಕಂಡಿಕೆ ಎಂಬ ಪುಟ್ಟ ಕೊಳವೆಗೆ ಸುತ್ತಿ ಕೊಟ್ಟರೆ ಮಾತ್ರ ಮಗ್ಗದಲ್ಲಿ ಅತ್ತಿಂದಿತ್ತ ಲಾಳಿ ಓಡುತ್ತದೆ, ಲಾಳಿ ಓಡಿದರೆ ಸೀರೆ. ಹೀಗೆ ದೊಡ್ಡವರ ಎಲ್ಲ ಕೈಗಳೂ ಕೆಲಸದಲ್ಲಿ ಸಿಕ್ಕಿಕೊಂಡಿರುವಾಗ ಮಕ್ಕಳನ್ನು ಹಿಡಿಯಲು ಯಾರ ಕೈ ಉಳಿಯುತ್ತದೆ? ಅವು ಅಂಬೆಗಾಲಿಟ್ಟುಕೊಂಡು ನೇರ ಕುಣಿಗೇ ಹೋಗುತ್ತಿದ್ದವು, ಏಕೆಂದರೆ ಅಪ್ಪ ಅಲ್ಲಿರುತ್ತಿದ್ದ. ಕುಣಿಗೆ ಬೀಳದ ಮಗು ಓಣಿಯಲ್ಲಿ ಇರಲಿಲ್ಲ. ಒಂದಕ್ಕೆ ಹುಬ್ಬಿನ ಮೇಲೆ ಗಾಯ, ಇನ್ನೊಂದಕ್ಕೆ ಗದ್ದದ ಕೆಳಗೆ. ಪ್ರತಿ ಮನೆಯ ಕುಣಿಯ ಅಂಚೂ ಬೇರೆ ಬೇರೆ ಇದ್ದುದರಿಂದ ಯಾವ ಮಗು ಯಾರದೆಂದು ಅತ್ತೆ ಗಾಯ ನೋಡಿಯೇ ಹೇಳುತ್ತಿದ್ದರು.

ಎದುರು ಮನೆಯಲ್ಲಿ ನನಗಿಂತ ನಾಲ್ಕು ವರ್ಷ ದೊಡ್ಡವಳೊಬ್ಬಳಿದ್ದಳು. ನಾನು ಅವಳನ್ನು ಅಕ್ಕ ಎನ್ನುತ್ತಿದ್ದೆ, ಜಗಳ ಬಂದಾಗಲೂ ಅಕ್ಕ ಎಂದೇ ಬೈಯುತ್ತಿದ್ದೆ. ಅವಳಿಗೆ ಎರಡೂವರೆ ವರ್ಷದ ಒಬ್ಬ ಮಗಳು. ಆ ಮಗು ಕುಣಿಗೆ ಬಿದ್ದು ತೋಳು ಮುರಿದುಕೊಂಡು ದವಾಖಾನೆಯಲ್ಲಿ ಪಟ್ಟಿ ಹಾಕಿಸಿಕೊಂಡು ಬಂದಿತ್ತು. ಅಂದಿನಿಂದ ಅಕ್ಕ ಹಳೆಯ ಎಳೆಗಳನ್ನು ಹೊಸೆದು ಒಂದು ಗಟ್ಟಿ ದಾರ ಮಾಡಿಕೊಂಡಳು. ಅದರ ಒಂದು ತುದಿ ಮಗಳ ಎಡಗಾಲಿಗೆ, ಇನ್ನೊಂದು ತುದಿ ತನ್ನ ಬಲಗಾಲಿನ ಹೆಬ್ಬೆರಳಿಗೆ. ಎರಡೂ ಕೈ ರಾಟಿಯ ಮೇಲಿರುತ್ತಿದ್ದವಲ್ಲ, ಹೆಬ್ಬೆರಳು ಎಳೆದರೆ ಮಗು ದೂರ ಹೊರಟಿದೆ ಎಂದು ತಿಳಿಯುತ್ತಿತ್ತು.

ನನಗೆ ಮೊದಲಿನಿಂದಲೂ ಬಾಯಿ ಮುಂದು. ಒಂದು ದಿನ ಕೇಳಿಯೇಬಿಟ್ಟೆ. “ಏನಕ್ಕಾ, ಕರಾ ಕಟ್ಟಿದಂಗ ಕಟ್ಟೀಯಲ್ಲ ಕೂಸಿನ್ನ?”

ಅವಳು ರಾಟಿ ನಿಲ್ಲಿಸಲಿಲ್ಲ. “ಕರಾ ಕುಣಿಗೆ ಬಿದ್ದದ್ದು ನೋಡೀಯೇನು ನೀ? ಬಿಚ್ಚಬೇಕಂತ ನನಗೂ ಆಸೆ ಐತಿ. ಬಿಚ್ಚಿ ಎಲ್ಲಿ ಬಿಡ್ಲಿ, ಅದನ್ನಷ್ಟ ಹೇಳು.”

ಮಗುವಿನ ಕಾಲಿನ ಗಂಟಿನ ಮೇಲೆ ದಾರ ಉಜ್ಜಿ ಉಜ್ಜಿ ಒಂದು ಕಪ್ಪು ಗೆರೆ ಬಿದ್ದಿತ್ತು. ಅಂದು ಸಂಜೆ ಅತ್ತೆಯ ಮುಂದೆ ಕುಳಿತು, “ಏನರ ಮಾಡ್ರೀ ಅತ್ತೀ, ಆ ದಾರ ಬಿಚ್ಚಸ್ರಿ,” ಎಂದು ಗೋಗರೆದೆ.

ಅತ್ತೆಗೆ ಹೇಳಿದ್ದಕ್ಕೆ ಕಾರಣವಿತ್ತು. ಅವರು ಓಣಿಯ ಮಹಿಳಾ ಮಂಡಳದ ಅಧ್ಯಕ್ಷರು. ಯಾರೂ ಆರಿಸಿರಲಿಲ್ಲ, ಎಲ್ಲರಿಗಿಂತ ಜೋರು ದನಿ ಅವರದಾಗಿತ್ತು, ಅಷ್ಟೇ. ಅಮಾವಾಸ್ಯೆಗೆ ಮಗ್ಗ ನಿಲ್ಲುತ್ತಿದ್ದುದರಿಂದ ಅಂದು ಮಧ್ಯಾಹ್ನ ನಮ್ಮ ಪಡಸಾಲೆಯಲ್ಲಿ ಮಂಡಳದ ಸಭೆ. ಸಭೆ ಎಂದರೆ ಚುರಮುರಿ, ಚಹಾ, ಯಾರ ಸೊಸೆ ಏನು ಮಾಡಿದಳು ಎಂಬ ಚರ್ಚೆ. ಹುನಗುಂದದ ಕಚೇರಿಯಿಂದ ಆಗಾಗ ಒಬ್ಬ ಸೇವಿಕಾಬಾಯಿ ಬರುತ್ತಿದ್ದರು. ಮಹಿಳಾ ಮಂಡಳಗಳು ಬಾಲವಾಡಿ ನಡೆಸುವುದಾದರೆ ಸರ್ಕಾರ ಅನುದಾನ ಕೊಡುತ್ತದೆ, ಚಾಪೆ, ಆಟದ ಸಾಮಾನು, ಮಕ್ಕಳಿಗೆ ಉಪ್ಪಿಟ್ಟು, ನೋಡಿಕೊಳ್ಳುವವಳಿಗೆ ತಿಂಗಳಿಗಿಷ್ಟು ಎಂದು ಎಲ್ಲ ಬರುತ್ತದೆ ಎಂದು ಅವರೇ ಹೇಳಿದ್ದು. ಒಂದು ಅರ್ಜಿ ಬೇಕು, ಅದರಲ್ಲಿ ಕಾರಣ ಬರೆದಿರಬೇಕು.

ಓಣಿಯಲ್ಲಿ ಹತ್ತನೆಯ ಇಯತ್ತೆ ಪಾಸಾದ ಹೆಣ್ಣು ನಾನೊಬ್ಬಳೇ. ನನ್ನ ಅಕ್ಷರವೂ ಚಂದ. ಈ ಮಾತನ್ನು ನಾನೇ ಹೇಳಿಕೊಳ್ಳಬಾರದು, ಆದರೆ ಬೇರೆಯವರು ಹೇಳುವುದನ್ನು ಬಿಟ್ಟಿದ್ದಾರೆ. ಮೊದಲ ಅರ್ಜಿಯಲ್ಲಿ, “ಮಗ್ಗದ ಕುಣಿಗೆ ಮಕ್ಕಳು ಬೀಳುತ್ತವೆ, ಆದ್ದರಿಂದ ಬಾಲವಾಡಿ ಬೇಕು” ಎಂದು ನೆಟ್ಟಗೆ ಬರೆದೆ. ಅದು ಎಲ್ಲೆಲ್ಲೋ ಸುತ್ತಿ ಎಂಟು ತಿಂಗಳ ಮೇಲೆ ಹಿಂದಿರುಗಿ ಬಂತು. ಯಾರೋ ಮಗ್ಗ ಎಂಬ ಶಬ್ದಕ್ಕೆ ಕೆಂಪು ಗೆರೆ ಎಳೆದು ಅರ್ಜಿಯನ್ನು ಮಗ್ಗದ ವಿಭಾಗಕ್ಕೆ ಕಳಿಸಿದ್ದರು. ಆ ವಿಭಾಗದವರು, “ತಮಗೆ ಬೇಕಾದ ನೂಲಿನ ನಂಬರು ತಿಳಿಸತಕ್ಕದ್ದು” ಎಂದು ಬರೆದಿದ್ದರು.

ಅತ್ತೆಗೆ ಸಿಟ್ಟು ನೆತ್ತಿಗೇರಿತು. “ಈ ಸಲ ಮಗ್ಗ ಅನ್ನೂ ಮಾತ ಬರೀಬ್ಯಾಡ. ಬರದಿ ಅಂದ್ರ ಮತ್ತ ಅಲ್ಲೇ ಹೋಕ್ಕತಿ. ಬರೇ ಕುಣಿ ಅಂತ ಬರಿ, ಕುಣಿ ಯಾರಿಗೆ ಗೊತ್ತಿಲ್ಲ?”

ಖರೆ ಅನ್ನಿಸಿತು ನನಗೂ. ಕುಣಿ ಯಾರಿಗೆ ಗೊತ್ತಿಲ್ಲ? ಹೀಗಾಗಿ ನಾನು ಅತ್ಯಂತ ಗುಂಡಗಿನ ಅಕ್ಷರಗಳಲ್ಲಿ ಎರಡನೆಯ ಅರ್ಜಿ ಬರೆದೆ. ಅದರ ಒಂದೊಂದು ಸಾಲೂ ನನಗೆ ಇಂದಿಗೂ ಬಾಯಿಪಾಠ. “ನಮ್ಮ ಓಣಿಯಲ್ಲಿ ಮನೆಗೊಂದು ಕುಣಿ ಇದೆ. ಗಂಡಸರು ಬೆಳಗಿನಿಂದ ಸಂಜೆಯವರೆಗೆ ಕುಣಿಯಲ್ಲೇ ಇರುತ್ತಾರೆ. ತಂದೆಯನ್ನು ಕಂಡು ಮಕ್ಕಳೂ ಕುಣಿಯತ್ತ ಓಡುತ್ತವೆ. ಕುಣಿ ನಮಗೆ ಹಿರಿಯರಿಂದ ಬಂದದ್ದು, ಬಿಡಲು ಬರುವುದಿಲ್ಲ. ಆದಕಾರಣ ಮಕ್ಕಳಿಗಾಗಿ ಒಂದು ಬಾಲವಾಡಿ ಮಂಜೂರು ಮಾಡಬೇಕು.” ಕೆಳಗೆ ಇಪ್ಪತ್ತಾರು ಹೆಬ್ಬೆಟ್ಟು, ನಾಲ್ಕು ಸಹಿ. ಮಂಡಳದವರೆಲ್ಲ ಕೇಳಿ ತಲೆದೂಗಿದರು. ಅಕ್ಕ ರಾಟಿ ಬಿಟ್ಟು ಎದ್ದು ಬಂದು, ದಾರದ ತುದಿಯಲ್ಲಿ ಮಗಳನ್ನೂ ಕರೆತಂದು, ಎಲ್ಲರಿಗಿಂತ ಒತ್ತಿ ಹೆಬ್ಬೆಟ್ಟು ಹಾಕಿದಳು.

ಉತ್ತರ ಬೇಗ ಬಂತು. ಅಷ್ಟು ಬೇಗ ಬಂದದ್ದೇ ನಮಗೆ ಅನುಮಾನ ತರಬೇಕಿತ್ತು. ಸೇವಿಕಾಬಾಯಿ ಬಸ್ಸಿಳಿದು ಓಡುತ್ತಲೇ ಬಂದು ಕಾಗದ ಕೊಟ್ಟರು. ನಾನು ಸಭೆಯ ಮುಂದೆ ನಿಂತು ಗಟ್ಟಿಯಾಗಿ ಓದಿದೆ. “ತಮ್ಮ ಓಣಿಯಲ್ಲಿ ಹಿರಿಯರಿಂದ ಬಂದ ಕುಣಿತದ ಪರಂಪರೆಯನ್ನು ಎಳೆಯ ಮಕ್ಕಳಿಗೆ ದಾಟಿಸುತ್ತಿರುವುದು ಶ್ಲಾಘನೀಯ. ಸ್ಥಳ ಪರಿಶೀಲನೆಗೆ ಬರುವ ಅಧಿಕಾರಿಗಳ ಎದುರು ಕನಿಷ್ಠ ಇಪ್ಪತ್ತು ಮಕ್ಕಳ ಕುಣಿತವನ್ನು ಏರ್ಪಡಿಸತಕ್ಕದ್ದು.”

ಮೂಲೆಯಲ್ಲಿ ಕುಳಿತಿದ್ದ ಮುದುಕಿಯೊಬ್ಬಳು ಮೆಲ್ಲಗೆ, “ನಮ್ಮಾಂವ ನಲವತ್ತ ವರ್ಷಾತು ಕುಣಿಯಾಗ ಅದಾನ. ಒಂದ ದಿನಾನೂ ಕುಣದಿಲ್ಲವ್ವಾ,” ಎಂದಳು.

ಅಲ್ಲಿಗೆ ಸಭೆ ಮುಗಿಯಿತು. ಒಬ್ಬಳು ನಕ್ಕಳು, ಇನ್ನೊಬ್ಬಳು ಅವಳ ಮೇಲೆ ಬಿದ್ದು ನಕ್ಕಳು, ಚುರಮುರಿಯ ಪರಾತ ಮಗುಚಿತು, ಸೇವಿಕಾಬಾಯಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ನನಗೆ ಮಾತ್ರ ನಗು ಬರಲಿಲ್ಲ, ಬೆವರು ಬಂತು. ತಪ್ಪು ನನ್ನದು. ಅರ್ಜಿಯನ್ನು ತಿದ್ದಿ ಬರೆಯುತ್ತೇನೆ, ಕ್ಷಮೆ ಕೇಳುತ್ತೇನೆ ಎಂದೆ.

“ತಿದ್ದಿ ಬರದ್ರ ಮತ್ತ ಎಂಟ ತಿಂಗಳ,” ಎಂದರು ಅತ್ತೆ. ಅವರೂ ನಗುತ್ತಿದ್ದರು, ಆದರೆ ಕಣ್ಣು ಅಕ್ಕನ ಮಗಳ ಕಾಲಿನ ಮೇಲಿತ್ತು. “ಆ ಕೂಸು ಎಂಟ ತಿಂಗಳ ಹಂಗ ಇರಬೇಕೇನು? ಕುಣೀರಿ ಅಂದಾರ. ಕುಣದ್ರಾತು. ಕುಣಿಯೂದರಾಗ ಸುಳ್ಳೇನ ಐತಿ?”

ಅಧಿಕಾರಿಗಳು ಬರಲು ಎಂಟು ದಿನ ಉಳಿದಿತ್ತು. ಕಷ್ಟವೆಂದರೆ ನಮ್ಮ ಓಣಿಯಲ್ಲಿ ಕುಣಿಯಲು ಬರುವವರು ಒಬ್ಬರೂ ಇರಲಿಲ್ಲ. ಗಂಡಸರ ಕಾಲಿಗೆ ಗೊತ್ತಿದ್ದದ್ದು ಮಗ್ಗದ ಹಲಗೆ ಒಂದೇ: ಎಡ ತುಳಿ, ಬಲ ತುಳಿ. ಅತ್ತೆ ಅದನ್ನೇ ಹಿಡಿದರು. ನಮ್ಮ ಹಿತ್ತಲಲ್ಲಿ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸೀರೆಯ ಕಚ್ಚೆ ಬಿಗಿದು, ಅರವತ್ತರ ಆ ಹೆಂಗಸು ಮುಂದೆ ನಿಂತು, “ಎಡಾ ತುಳೀ! ಬಲಾ ತುಳೀ! ಲಾಳಿ ಒಗೀ! ಲಾಳಿ ಹಿಡೀ!” ಎಂದು ಕೂಗುತ್ತ ಕುಣಿಯತೊಡಗಿದರು. ಎಡಕ್ಕೆ ಎರಡು ಹೆಜ್ಜೆ, ಬಲಕ್ಕೆ ಎರಡು, ಆಮೇಲೆ ಲಾಳಿ ಎಸೆದಂತೆ ಕೈ. ತಾಳಕ್ಕೆ ಸುತ್ತಲಿನ ಮನೆಗಳ ಮಗ್ಗದ ಸದ್ದೇ ಇತ್ತು.

ಮಕ್ಕಳು ಏನು ಮಾಡಿದವು ಎಂದು ಕೇಳಬೇಡಿ. ಒಂದು ಕುಳಿತುಬಿಟ್ಟಿತು. ಒಂದು ಅಂಗಿ ಬಿಚ್ಚಿತು. ಇಬ್ಬರು ಲಾಳಿ ಎಸೆಯುವ ಕೈಯಿಂದ ಒಬ್ಬರನ್ನೊಬ್ಬರು ಹೊಡೆದುಕೊಂಡರು. ಪುಟಾಣಿ ಬೆಲ್ಲ ಕೊಡುತ್ತೇವೆಂದು ಆಸೆ ತೋರಿಸಿದ್ದೇ ತಪ್ಪಾಗಿ, ಹೆಜ್ಜೆಗೊಮ್ಮೆ ಕೈ ಒಡ್ಡುವುದನ್ನು ಕಲಿತವು. ಮೂರನೆಯ ದಿನ ಗಂಡಸರು ಮಗ್ಗ ನಿಲ್ಲಿಸಿ ಗೋಡೆಯ ಮೇಲಿಂದ ಇಣುಕತೊಡಗಿದರು. ನನ್ನ ಗಂಡನಂತೂ, “ಅವ್ವಾ, ಬಲಗಾಲ ತಪ್ಪೈತಿ, ಎಳಿ ಹರೀತೈತಿ ನೋಡು!” ಎಂದು ಕೂಗಿದರು. ಅತ್ತೆ ಕುಣಿಯುತ್ತಲೇ ಅವರ ಮೇಲೆ ಕಸಬರಿಗೆ ಎಸೆದರು, ಅದೂ ತಾಳಕ್ಕೆ ಸರಿಯಾಗಿ. ನಾನು ನಕ್ಕು ನಕ್ಕು ನಿಲ್ಲಲಾರದೆ ತುಳಸಿಕಟ್ಟೆ ಹಿಡಿದುಕೊಂಡು ಕುಳಿತೆ. ಮದುವೆಯಾಗಿ ಬಂದ ಮೇಲೆ ಅಷ್ಟು ನಕ್ಕದ್ದು ಅದೇ ಮೊದಲು.

ಅಕ್ಕ ಕೆಲಸ ಬಿಡುವಂತಿರಲಿಲ್ಲ. ರಾಟಿಯನ್ನೇ ಹೊತ್ತುಕೊಂಡು ನಮ್ಮ ಹಿತ್ತಲಿಗೆ ಬಂದು ಮೂಲೆಯಲ್ಲಿ ಕೂಡುತ್ತಿದ್ದಳು. ದಾರ ಕಟ್ಟಿದ ಮಗಳೂ ಅಲ್ಲೇ ಕುಣಿಯುತ್ತಿದ್ದಳು. ನಿಜ ಹೇಳುತ್ತೇನೆ, ಇಪ್ಪತ್ತು ಮಕ್ಕಳಲ್ಲಿ ತಾಳ ಸಿಕ್ಕಿದ್ದು ಅವಳಿಗೊಬ್ಬಳಿಗೇ. ಆದರೆ ದಾರದ ಕಾಲು ಎತ್ತುತ್ತಿರಲಿಲ್ಲ. ಎಡಗಾಲನ್ನು ಊರಿಕೊಂಡು ಬಲಗಾಲಷ್ಟನ್ನೇ ತುಳಿಯುತ್ತ ಸುತ್ತಲೂ ತಿರುಗುತ್ತಿದ್ದಳು. ದಾರದಿಂದ ಹಾಗೆ ಆಗುತ್ತಿದೆ ಎಂದುಕೊಂಡು ನಾನು ಹೋಗಿ ಗಂಟು ಬಿಚ್ಚಿದೆ. “ಈಗ ಕುಣಿಯವ್ವಾ, ಎಲ್ಲಿ ಬೇಕಲ್ಲಿ ಕುಣಿ,” ಎಂದೆ. ಅವಳು ಮತ್ತೆ ಅಷ್ಟೇ ಜಾಗದಲ್ಲಿ, ಇಲ್ಲದ ದಾರದ ಅಳತೆಯಲ್ಲಿ, ಎಡಗಾಲು ಎತ್ತದೆ ಸುತ್ತಿದಳು. ಅಕ್ಕ ನೋಡಿದಳು. ರಾಟಿ ನಿಂತಿತು. ಸೆರಗನ್ನು ಮುಖಕ್ಕೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ನನ್ನ ನಗುವೂ ಅಲ್ಲಿಗೆ ನಿಂತಿತು.

ಅಧಿಕಾರಿಗಳ ಜೀಪು ಬಂದದ್ದು ಸುಡುವ ಮಧ್ಯಾಹ್ನ. ಇಳಿದವರು ಒಬ್ಬ ಹೆಂಗಸು, ಮೈಸೂರು ಕಡೆಯ ಮಾತು, ಇಸ್ತ್ರಿ ಹಾಕಿದ ಸೀರೆ. ನಮ್ಮ ಜಿಲ್ಲೆಗೆ ಬಂದು ಇನ್ನೂ ಎರಡೇ ತಿಂಗಳಾಗಿತ್ತಂತೆ. ಬಂದವರಿಗೆ ಮೊದಲು ಚಹಾ ಕೊಡದೆ ಕುಣಿತ ತೋರಿಸುವುದುಂಟೇ? ಅತ್ತೆ ಅವರನ್ನು ನಮ್ಮ ಪಡಸಾಲೆಗೆ ಕರೆದುಕೊಂಡು ಬಂದರು. ಹೊಸ್ತಿಲು ದಾಟುವಾಗ ನನ್ನ ಕಥೆ ನೆನಪಾಗಿ ಎಚ್ಚರಿಸಿದರು ಬೇರೆ.

“ಬಾಯಾರ, ಎಡಕ್ಕ ಕುಣಿ ಐತ್ರಿ! ನೋಡ್ರಿ!”

“ಓ, ಇಲ್ಲೇ ಇದೆಯಾ ಕುಣಿತ?” ಎಂದು ಆ ತಾಯಿ ಮುಖವರಳಿಸಿ ಎಡಕ್ಕೇ ಹೆಜ್ಜೆ ಇಟ್ಟರು.

ಬಿಸಿಲಿನಿಂದ ಬಂದ ಕಣ್ಣು, ಒಳಗಿನ ಕತ್ತಲೆ. ನಾನು ಕೈ ಚಾಚುವಷ್ಟರಲ್ಲಿ ಸರ್ಕಾರ ಸೊಂಟದವರೆಗೆ ನಮ್ಮ ಕುಣಿಯಲ್ಲಿ ಇಳಿದಿತ್ತು. ಪುಣ್ಯಕ್ಕೆ ನನ್ನ ಗಂಡ ಎದ್ದು ಹೋಗಿದ್ದರು, ಮಗ್ಗದ ಮೇಲಿನ ಸೀರೆ ಹರಿಯಲಿಲ್ಲ, ಬಾಯಾರಿಗೂ ಪೆಟ್ಟಾಗಲಿಲ್ಲ. ಫೈಲು ಮಾತ್ರ ಜಾರಿ ಮೂಲೆ ಸೇರಿತು, ನನ್ನ ತೆಂಗಿನಕಾಯಿ ಸೇರಿದ್ದ ಅದೇ ಮೂಲೆ.

“ಇಲ್ಲಿಗೆ ನಮ್ಮ ಓಣಿಯವರಾದ್ರಿ ಬಿಡ್ರಿ, ಬಾಯಾರ,” ಎಂದರು ಅತ್ತೆ. “ನಾವೆಲ್ಲಾ ಹಿಂಗ ಬಿದ್ದ ಬಂದವರು.”

“ಏನಮ್ಮ ಇದು?” ಕುಣಿಯೊಳಗಿನಿಂದ ದನಿ ಬಂತು.

“ಕುಣಿ ರೀ.”

“ಕುಣಿ?”

“ಹೌದ್ರಿ. ಅರ್ಜಿಯೊಳಗ ಬರದೇವಲ್ರಿ, ಮನಿಗೊಂದು ಐತಿ ಅಂತ.”

ಅವರು ಅಲ್ಲೇ ನಿಂತು ಸುತ್ತ ನೋಡಿದರು. ಮಗ್ಗ ನೋಡಿದರು, ಕೆಳಗೆ ಬಗ್ಗಿ ತುಳಿಯುವ ಹಲಗೆ ನೋಡಿದರು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ, ಅವರ ತುಟಿ ಮೆಲ್ಲಗೆ ನನ್ನ ಅರ್ಜಿಯ ಸಾಲುಗಳನ್ನೇ ಹೇಳಿಕೊಳ್ಳುತ್ತಿತ್ತು. “ಗಂಡಸರು ಬೆಳಗಿನಿಂದ ಸಂಜೆಯವರೆಗೆ... ಮಕ್ಕಳೂ ಕುಣಿಯತ್ತ...” ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಸಿಟ್ಟೋ ಅಳುವೋ ಎಂದು ನಾವು ಹೆದರಿಕೊಂಡಿರುವಾಗ ಭುಜ ಕುಲುಕತೊಡಗಿತು. ನಕ್ಕರು ನೋಡಿ, ಕುಣಿಯೊಳಗೇ ನಿಂತು, ಕನ್ನಡಕ ಜಾರುವವರೆಗೆ ನಕ್ಕರು.

“ಹಾಗಾದರೆ ಕುಣಿತ ಇಲ್ಲವೇ ಇಲ್ಲವಾ?” ಎಂದರು ಕಡೆಗೆ.

“ಅದನೂ ಮಾಡಸೇವ್ರಿ. ನೀವು ಕೇಳಿದ ಮ್ಯಾಲೆ ಇಲ್ಲ ಅನ್ನೂದು ಹ್ಯಾಂಗ್ರಿ?” ಎಂದರು ಅತ್ತೆ.

ಅವರನ್ನು ಮೇಲೆತ್ತಿ, ಚಹಾ ಕುಡಿಸಿ, ಹಿತ್ತಲಿಗೆ ಕರೆದೊಯ್ದೆವು. ಇಪ್ಪತ್ತು ಮಕ್ಕಳು ಎಣ್ಣೆ ಹಾಕಿ ತಲೆ ಬಾಚಿಕೊಂಡು ನಿಂತಿದ್ದವು. ಅತ್ತೆ, “ಎಡಾ ತುಳೀ!” ಎಂದದ್ದೇ ತಡ, ಹೊರಗೆ ಜೀಪಿನ ಡ್ರೈವರ್ ಹಾರ್ನ್ ಹೊಡೆದ. ಹತ್ತೊಂಬತ್ತು ಮಕ್ಕಳು ಒಂದೇ ಉಸಿರಿಗೆ ಜೀಪಿನ ಕಡೆ ಓಡಿದವು. ಎಂಟು ದಿನದ ತಾಲೀಮು ಬಾಗಿಲು ದಾಟಿ ಹೋಯಿತು. ಹಿತ್ತಲಿನಲ್ಲಿ ಉಳಿದವಳು ಅಕ್ಕನ ಮಗಳು ಒಬ್ಬಳೇ. ಅವಳು ಎಡಗಾಲು ಊರಿಕೊಂಡು ಬಲಗಾಲು ತುಳಿಯುತ್ತ ಸುತ್ತಿದಳು. ಅಧಿಕಾರಿಗಳು ಬರುವ ದಿನವೆಂದು ಅಂದು ದಾರ ಕಟ್ಟಿರಲಿಲ್ಲ.

“ಈ ಮಗು ಯಾಕೆ ಅಲ್ಲೇ ಸುತ್ತುತ್ತೆ? ಬೇರೆ ಮಕ್ಕಳ ಜೊತೆ ಓಡಲಿಲ್ಲವಲ್ಲ?” ಎಂದು ಕೇಳಿದರು ಅಧಿಕಾರಿ.

ಅಕ್ಕನೇ ಎದ್ದು ಬಂದಳು. ಸೊಂಟಕ್ಕೆ ಸಿಕ್ಕಿಸಿದ್ದ ದಾರವನ್ನು ತೆಗೆದು ಅವರ ಕೈಯಲ್ಲಿಟ್ಟಳು. “ಇಷ್ಟ ಉದ್ದ ಐತ್ರಿ ಆಕಿ ಜಗತ್ತು,” ಎಂದಳು. “ಬಿಚ್ಚಿದ್ರೂ ಆಕಿಗೆ ತಿಳೀವಲ್ದು.”

ಆ ಹೆಂಗಸಿನ ಮುಖದ ಮೇಲಿನ ನಗು ಹೋಯಿತು. ಬಗ್ಗಿ ಮಗುವಿನ ಕಾಲು ಹಿಡಿದು ಆ ಕಪ್ಪು ಗೆರೆಯ ಮೇಲೆ ಬೆರಳಾಡಿಸಿದರು. ಆಮೇಲೆ ಹಿತ್ತಲಿನ ಹೊರಸಿನ ಮೇಲೆ ಕುಳಿತು ಫೈಲು ಬಿಚ್ಚಿದರು. ನಮ್ಮ ಅರ್ಜಿ ಮಕ್ಕಳ ಕಲೆಯ ಲೆಕ್ಕಕ್ಕೆ ಸೇರಿಹೋಗಿದೆ, ಅಲ್ಲಿಂದ ಕಿತ್ತರೆ ಮತ್ತೆ ಮೊದಲಿನಿಂದ ಶುರುಮಾಡಬೇಕು, ಬಾಲವಾಡಿ ಯಾವ ಹೆಸರಿನಲ್ಲಿ ಬಂದರೂ ಬಾಲವಾಡಿಯೇ ಎಂದು ತಮಗೆ ತಾವೇ ಹೇಳಿಕೊಂಡರು. ಬರೆದು ಮುಗಿಸಿ, ಸುಳ್ಳಿದ್ದರೆ ಈಗಲೇ ಹೇಳಿ ಎಂದು ನಮಗೆ ಓದಿ ತೋರಿಸಿದರು.

“ಈ ಓಣಿಯ ಕುಣಿಯನ್ನು ಖುದ್ದಾಗಿ ಅನುಭವಿಸಿದ್ದೇನೆ. ಅತ್ಯಂತ ಆಳವಾದದ್ದು. ಮಕ್ಕಳ ಮೇಲೆ ಇದರ ಪರಿಣಾಮವನ್ನೂ ಕಣ್ಣಾರೆ ಕಂಡಿದ್ದೇನೆ. ತಡಮಾಡದೆ ಮಂಜೂರು ಮಾಡುವುದು ಅವಶ್ಯ.”

ಒಂದಕ್ಷರವೂ ಸುಳ್ಳಲ್ಲ. ಅತ್ತೆ ಹೊರಟುನಿಂತ ಅವರ ಉಡಿಗೆ ಒಂದು ಖಣ, ಐದು ಮುಷ್ಟಿ ಅಕ್ಕಿ ಹಾಕಿ ಕಳಿಸಿದರು.

ಮೂರು ತಿಂಗಳಿಗೆ ಮಂಜೂರಾತಿ ಬಂತು. ಹುನಗುಂದದಿಂದ ಒಂದು ಚಕ್ಕಡಿ ತುಂಬ ಸಾಮಾನು: ಚಾಪೆ, ಪಾಟಿ, ರವೆಯ ಚೀಲ, ಒಂದು ತೊಟ್ಟಿಲು. ಜೊತೆಗೆ, ಕಲೆಯ ಲೆಕ್ಕವಲ್ಲವೇ, ಒಂದು ಡೋಲು, ಇಪ್ಪತ್ತು ಜೋಡಿ ಗೆಜ್ಜೆ. ಗೆಜ್ಜೆಯ ಚೀಲ ಬಿಚ್ಚಿದಾಗ ಓಣಿಯಲ್ಲಿ ಎದ್ದ ನಗು ಊರಾಚೆಯ ಗ್ರಾನೈಟ್ ಗುಡ್ಡದವರೆಗೆ ಕೇಳಿರಬೇಕು.

ಬಾಲವಾಡಿಗೆ ಅಕ್ಕನ ಮನೆಯ ಪಕ್ಕದಲ್ಲೇ ಒಂದು ಖಾಲಿ ಪಡಸಾಲೆ ಸಿಕ್ಕಿತು. ಅಲ್ಲಿಯ ಮಗ್ಗ ಎಂದೋ ನಿಂತಿತ್ತು, ಕುಣಿ ಹಾಗೇ ಇತ್ತು. ಅನ್ನ ಕೊಟ್ಟ ಜಾಗವೆಂದು ಅತ್ತೆ ಅದಕ್ಕೆ ಅರಿಶಿಣ ಕುಂಕುಮ ಏರಿಸಿ ಕೈಮುಗಿದರು. ಆಮೇಲೆ ಮಂಡಳದವರೆಲ್ಲ 'ಎಡಾ ತುಳೀ, ಬಲಾ ತುಳೀ' ಎನ್ನುತ್ತ ಬುಟ್ಟಿ ಬುಟ್ಟಿ ಮಣ್ಣು ಸುರಿದು ತುಳಿದು ಮುಚ್ಚಿದೆವು. ನೆಲ ಎಂದರೆ ನೆಲ ಎನ್ನುವಂಥ ನೆಲವೊಂದು ಆ ಓಣಿಯಲ್ಲಿ ಮೊದಲ ಸಲ ಆಯಿತು. ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಬಾಯಿ ನಾನೇ.

ಮೊದಲ ದಿನ ಅಕ್ಕ ಮಗಳನ್ನು ತಂದು ಬಿಟ್ಟು ದಾರ ಬಿಚ್ಚಿಕೊಂಡು ಹೋದಳು. ಹತ್ತು ನಿಮಿಷಕ್ಕೆ ಓಡಿ ಬಂದಳು. “ಹೆಬ್ಬೆರಳು ಎಳದಂಗಾತವ್ವಾ,” ಎಂದಳು. ಕಳಿಸಿದೆ. ಮತ್ತೆ ಬಂದಳು. “ಎಳೀವಲ್ದಲ್ಲವಾ, ಅದಕ ಬಂದೆ,” ಎಂದಳು. ಎಳೆದರೂ ತಾಪ, ಎಳೆಯದಿದ್ದರೂ ತಾಪ. ಮೂರನೆಯ ಸಲ ಬಂದಾಗ ನನಗೆ ಗೆಜ್ಜೆಯ ನೆನಪಾಯಿತು. ಮಗುವಿನ ಎಡಗಾಲಿಗೆ, ಸರಿಯಾಗಿ ಆ ಕಪ್ಪು ಗೆರೆಯ ಮೇಲೆ, ಒಂದು ಗೆಜ್ಜೆ ಕಟ್ಟಿದೆ. ಘಲ್ ಎಂದಿತು. ಮಗು ಬಗ್ಗಿ ನೋಡಿತು. ಸದ್ದು ಬರಲೆಂದು ಎಡಗಾಲನ್ನು ಎತ್ತಿ ನೆಲಕ್ಕೆ ಬಡಿಯಿತು. ಇನ್ನೊಮ್ಮೆ ಬಡಿಯಿತು. ಆಮೇಲೆ ಘಲ್ ಘಲ್ ಎನ್ನುತ್ತ ಮುಚ್ಚಿದ ಕುಣಿಯ ಮೇಲೆ ಹಾದು ಆಚೆ ಗೋಡೆಯವರೆಗೆ ನೆಟ್ಟಗೆ ಓಡಿತು. ನನಗೆ ಅಳು ಬಂತು. ಯಾಕೆ ಮುಚ್ಚಿಡಲಿ, ಗಟ್ಟಿಯಾಗಿಯೇ ಅತ್ತುಬಿಟ್ಟೆ.

ಅಂದಿನಿಂದ ಅಕ್ಕ ಹಾಗೆ ಓಡಿ ಬರಲಿಲ್ಲ. ನಡುವೆ ಇದ್ದದ್ದು ಒಂದೇ ಗೋಡೆ. ಗೆಜ್ಜೆ ಓಡಿದರೆ ಆ ಕಡೆ ರಾಟಿ ಓಡುತ್ತಿತ್ತು, ಗೆಜ್ಜೆ ನಿಂತರೆ ರಾಟಿ ನಿಲ್ಲುತ್ತಿತ್ತು. ಇದನ್ನು ಗಮನಿಸಿದ ಮೇಲೆ ನನಗೆ ಹೊಸ ಕೆಲಸ ಹತ್ತಿಕೊಂಡಿತು. ಮಧ್ಯಾಹ್ನ ಉಪ್ಪಿಟ್ಟು ತಿಂದು ಮಗು ಮಲಗಿದಾಗ ಗೆಜ್ಜೆ ಸುಮ್ಮನಾಗಿ ಅಕ್ಕ ಗಾಬರಿಯಾಗಬಾರದೆಂದು, ಇನ್ನೊಂದು ಗೆಜ್ಜೆ ತೆಗೆದುಕೊಂಡು ಗೋಡೆಯ ಬಳಿ ಕುಳಿತು ನಾನೇ ಅಲ್ಲಾಡಿಸುತ್ತಿದ್ದೆ. ಎಷ್ಟೋ ಸಲ ಅಲ್ಲಾಡಿಸಿದರೂ ರಾಟಿ ಶುರುವಾಗುತ್ತಿರಲಿಲ್ಲ. ಪಾಪ, ಇನ್ನೂ ತಾಪದಲ್ಲಿದ್ದಾಳೆ ಎಂದುಕೊಂಡು ಮತ್ತಷ್ಟು ಜೋರಾಗಿ ಅಲ್ಲಾಡಿಸುತ್ತಿದ್ದೆ. ಒಂದು ವರ್ಷ ನನ್ನ ಮಣಿಕಟ್ಟು ನೋಯುತ್ತಿತ್ತು, ಯಾರಿಗೂ ಹೇಳಲಿಲ್ಲ.

ಎಂಬತ್ತರ ದಶಕ ಬಂದು ಆ ಹುಡುಗಿ ದೊಡ್ಡ ಸಾಲೆಗೆ ಹೊರಟ ದಿನ, ನಾವಿಬ್ಬರೂ ಕಟ್ಟೆಯ ಮೇಲೆ ಕುಳಿತು ಅವಳು ಓಣಿಯ ತಿರುವು ದಾಟುವುದನ್ನು ನೋಡುತ್ತಿದ್ದೆವು. ಇನ್ನು ಹೇಳಿದರೆ ತಪ್ಪಿಲ್ಲವೆಂದು ಗೆಜ್ಜೆಯ ಗುಟ್ಟನ್ನು ಬಿಟ್ಟುಕೊಟ್ಟೆ. ಅಕ್ಕ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಅಯ್ಯ ನಿನ್ನ! ಮೊದಲನೇ ದಿನಾನ ಗೊತ್ತಾಗಿತ್ತು. ನನ್ನ ಮಗಳ ಹೆಜ್ಜಿ ನನಗ ತಿಳೀಲಾರದೇನು?”

“ಗೊತ್ತಿದ್ರ ರಾಟಿ ಯಾಕ ನಿಲ್ಲಸ್ತಿದ್ದಿ? ನಾ ಕೈ ಹರಿಯೂ ಹಂಗ ಅಲ್ಲಾಡಸ್ತಿದ್ನೆಲ್ಲ!”

“ನೀ ಅಲ್ಲಾಡಸಾಕತ್ತಿ ಅಂದ್ರ ಕೂಸು ಮಲಗೇತಿ, ನೀ ಆಕಿ ಮಗ್ಗಲದಾಗ ಎಚ್ಚರ ಕುಂತೀದಿ, ಹೌದಿಲ್ಲೋ?” ಎಂದಳು ಅಕ್ಕ. “ಆಕಿ ಹುಟ್ಟಿದಾಗಿಂದ ನಾ ಹಗಲ ಹೊತ್ತಿನ್ಯಾಗ ಕಣ್ಣ ಮುಚ್ಚಿದ್ದಿಲ್ಲ. ನಿನ್ನ ಗೆಜ್ಜಿ ಸಪ್ಪಳ ಕೇಳಿದ ಕೂಡಲೇ ರಾಟಿ ಬಿಟ್ಟು ಅಲ್ಲೇ ಅಡ್ಡಾಗತಿದ್ನಿ. ಎಂಥಾ ನಿದ್ದಿ ಬರತಿತ್ತಂತಿ!”